ಮಹದೇವಮ್ಮನ ಮಕ್ಕಳ ಅಂಗಾಲು

ಪೂರಿಗಾಲಿಯ ಮಹದೇವಮ್ಮನಿಗೆ ಒಂದು ಚಾಳಿಯಿತ್ತು. ಮನೆಗೆ ಯಾರೇ ಬರಲಿ, ಅವಳು ಮೊದಲು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ನೆಂಟರು ಕೈಕಾಲು ತೊಳೆದುಕೊಂಡು ಜಗಲಿ ಹತ್ತಿದರೆ ಅವರ ಒದ್ದೆ ಹೆಜ್ಜೆ ಆರಿಹೋಗುವ ತನಕ ಅವಳ ಕಣ್ಣು ಆ ನೆಲ ಬಿಟ್ಟು ಏಳುತ್ತಿರಲಿಲ್ಲ. ಎಲ್ಲರೂ ಹೆಣ್ಣಿನ ಮುಖ ನೋಡಲು ಹೋದರೆ ಇವಳೊಬ್ಬಳು ಅಂಗಾಲು ನೋಡಲು ಹೋಗುತ್ತಾಳೆ ಎಂದು ಊರವರು ಆಡಿಕೊಂಡು ನಗುತ್ತಿದ್ದರು. ನಗುವವರಿಗೇನು, ಅವರ ಮನೆಯ ನೆಲದ ಮೇಲೆ ಅಂಥ ಹೆಜ್ಜೆ ಬಿದ್ದಿರಲಿಲ್ಲ.

ಅವಳು ಹುಟ್ಟಿದ್ದು ಮದ್ದೂರಿನ ಕಡೆ. ಕರಿಸಿದ್ದಯ್ಯನ ಕೈಹಿಡಿದು ಪೂರಿಗಾಲಿಗೆ ಬಂದ ಹೊಸದರಲ್ಲಿ ಊರು ಅವಳ ಬಗ್ಗೆ ಆಡಿದ ಮಾತು ಎರಡೇ: ನಾಟಿಗೆ ಇಳಿದರೆ ಪಕ್ಕದವರಿಗೆ ಸೊಂಟ ನೆಟ್ಟಗೆ ಮಾಡಲು ಬಿಡುವುದಿಲ್ಲ, ಮಾತಿಗೆ ಇಳಿದರೆ ಅತ್ತೆಗೂ ಬಿಟ್ಟುಕೊಡುವುದಿಲ್ಲ. ಅತ್ತೆ ದೊಡ್ಡತಾಯಮ್ಮನೂ ಕಡಿಮೆಯವಳಲ್ಲ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹತ್ತಿಕೊಂಡ ಜಗಳ ಮುದ್ದೆ ಬೇಯುವ ಹೊತ್ತಿಗೆ ಆರಿಹೋಗಿ, ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ಕರಿಸಿದ್ದಯ್ಯ ಮಾತಿನ ಮನುಷ್ಯನಲ್ಲ. ಅಂಥ ಎರಡು ಬಾಯಿಗಳ ನಡುವೆ ಸಿಕ್ಕಿದವನಿಗೆ ಮಾತು ಎಲ್ಲಿಂದ ಬರಬೇಕು.

ಮೊದಲನೆಯ ಮಗಳು ಚಿಕ್ಕಬೋರಮ್ಮ. ಮನೆಯಲ್ಲಿ ಚಿಕ್ಕಬೋರಿ. ಆ ಮಗು ನಡೆಯಲು ಕಲಿತ ದಿನಗಳಲ್ಲಿ ದೊಡ್ಡತಾಯಮ್ಮ ನಡುಮನೆಗೆ ಸಗಣಿ ಸಾರಿಸಿ ಎದ್ದಿದ್ದಳು. ಹಸಿ ನೆಲದ ಮೇಲೆ ಮಗು ತಪ್ಪುಹೆಜ್ಜೆ ಇಡುತ್ತಾ ಓಡಿತು. ಬೈಯಲು ಬಾಯಿ ತೆರೆದ ಮುದುಕಿ ಬಗ್ಗಿ ನೆಲ ನೋಡಿದಳು. ಎಲ್ಲರ ಹೆಜ್ಜೆಗೂ ಒಳಗಡೆ ಒಂದು ಗುಳಿ ಇರುತ್ತದೆ. ಈ ಮಗುವಿನ ಹೆಜ್ಜೆ ಹಿಮ್ಮಡಿಯಿಂದ ಬೆರಳ ತನಕ ಪೂರ್ತಿ ತುಂಬಿಕೊಂಡು, ರೊಟ್ಟಿ ತಟ್ಟಿಟ್ಟ ಹಾಗೆ ಬಿದ್ದಿತ್ತು.

"ನಮ್ಮ ವಂಸ್ದಲ್ಲಿ ಇಂತಾ ಕಾಲಿಲ್ಲ ಕಣಮ್ಮ. ನಿಮ್ಮ ಕಡೇದೇ ಇರ್ಬೇಕು" ಎಂದಳು ದೊಡ್ಡತಾಯಮ್ಮ.

"ಇರ್ಲಿ ಬುಡಿ ಅತ್ತೆಮ್ಮ, ನಮ್ಮ ಕಡೆಯಿಂದ ಅದಾದ್ರೂ ಬಂತಲ್ಲ" ಎಂದಳು ಮಹದೇವಮ್ಮ. ಅವಳ ತಮ್ಮ ಪುಟ್ಟರಾಜುವಿನ ಕಾಲೂ ಹಾಗೇ ಇತ್ತು. ಅದೊಂದು ದೊಡ್ಡ ವಿಷಯ ಎಂದು ಅವಳಿಗೆ ಆಗ ಅನ್ನಿಸಲಿಲ್ಲ.

ಚಿಕ್ಕಬೋರಿ ಓಡಿದಳು, ಕುಣಿದಳು, ಮರ ಹತ್ತಿದಳು. ಕಾಲು ನೋವು ಎಂದು ಒಂದು ದಿನ ಕೂತವಳಲ್ಲ. ಅವಳ ಒಂದೇ ಹಟವೆಂದರೆ ಮಲಗುವಾಗಿನದು. ರಾಗಿ ತುಂಬಿಡುವ ಮಣ್ಣಿನ ವಾಡೆಯ ಪಕ್ಕ ಗೋಡೆಗೆ ಒತ್ತಿ ಮಹದೇವಮ್ಮನ ಚಾಪೆ. ಮಗು ಅಲ್ಲಿಗೆ ಬಂದು ಚಾಪೆಯ ಅಂಚಿನಲ್ಲಿ ನಿಂತುಕೊಂಡು, "ಅವ್ವಾ, ಕಾಲ್ಗೆ ಚಳಿ ಆಯ್ತದೆ, ಸೆರಗು ಹೊದಿಸು" ಎನ್ನುತ್ತಿತ್ತು. ಬೇಸಿಗೆಯಲ್ಲೂ ಅದೇ ಮಾತು. ಸೆರಗು ಕಾಲ ಮೇಲೆ ಬೀಳದೆ ಆ ಮಗುವಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಸೀಮೆಯ ಆಚೆ ಎಲ್ಲೋ ಯುದ್ಧ ಶುರುವಾಯಿತೆಂದು ಮಳವಳ್ಳಿ ಸಂತೆಯಲ್ಲಿ ಜನ ಮಾತಾಡಿಕೊಳ್ಳುತ್ತಿದ್ದ ವರ್ಷ ಚಿಕ್ಕಬೋರಿಗೆ ವಿಷಮಜ್ವರ ಬಂತು. ಆಗಷ್ಟೇ ಅವಳ ಮುಂದಿನ ಹಾಲುಹಲ್ಲು ಬಿದ್ದಿದ್ದವು. ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆದ ಹಲ್ಲಿನ ಜಾಗದಲ್ಲಿ ಹೊಸ ಹಲ್ಲು ಮೂಡಿರಲಿಲ್ಲ. ಕೊನೆಯ ದಿನ ಮಹದೇವಮ್ಮ ಹಿತ್ತಲಲ್ಲಿ ಕಷಾಯಕ್ಕೆ ಕುಟ್ಟುತ್ತಿದ್ದಳು. ಬಸುರಿ ಹೆಂಗಸು, ಕೈ ಸೋತಿತ್ತು. ಒಳಗಿನಿಂದ ಮಗಳ ದನಿ ಬಂತು, ಕಾಲಿಗೆ ಚಳಿ, ಸೆರಗು ಹೊದಿಸು ಎಂದು. "ಬಂದೆ ತಡಿ ಮಗ" ಎಂದು ಅವಳು ಇನ್ನಷ್ಟು ಕುಟ್ಟಿದಳು. ಒಳಗೆ ಹೋಗುವ ಹೊತ್ತಿಗೆ ಆ ಕಾಲಿಗೆ ಚಳಿಯೂ ಇರಲಿಲ್ಲ, ಬಿಸಿಯೂ ಇರಲಿಲ್ಲ.

ಆ ಸೀಮೆಯಲ್ಲಿ ಒಂದು ಪದ್ಧತಿಯಿದೆ. ಮನೆಯ ಹಿರಿಯರು ತೀರಿಕೊಂಡರೆ ತಿಥಿಯ ಹಿಂದಿನ ಸಂಜೆ ನಡುಮನೆಗೆ ಜರಡಿ ಹಿಡಿದು ರಾಗಿಹಿಟ್ಟು ಹರಡುತ್ತಾರೆ. ಒಳಗೊಂದು ದೀಪ, ಒಂದು ಎಡೆ ಇಟ್ಟು, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಜಗಲಿಯಲ್ಲಿ ಮಲಗುತ್ತಾರೆ. ಬೆಳಗಾಗಿ ಬಾಗಿಲು ತೆಗೆದರೆ ಹಿಟ್ಟಿನ ಮೇಲೆ ಏನಾದರೂ ಗುರುತು ಇರಬೇಕು. ಹಕ್ಕಿಯ ಉಗುರೋ ಕರುವಿನ ಗೊರಸೋ ಕಂಡರೆ, ಹೋದವರು ಬಂದು ಮನೆ ನೋಡಿಕೊಂಡು ಹೋದರು ಎಂದು ನಿಟ್ಟುಸಿರು ಬಿಡುತ್ತಾರೆ. ಇದನ್ನು ಹಿರಿಯರಿಗೆ ಮಾತ್ರ ಮಾಡುವುದು. ಮಕ್ಕಳಿಗೆ ಮಾಡುವಂತಿಲ್ಲ.

ಮಹದೇವಮ್ಮ ಮಾಡಲೇಬೇಕೆಂದು ಕೂತಳು. ಅನ್ನ ಬಿಟ್ಟಳು. ಬಸುರಿ ಉಪವಾಸ ಬಿದ್ದರೆ ಮನೆಯವರು ಏನು ಮಾಡಬೇಕು.

"ಬ್ಯಾಡ ಕಣವ್ವ" ಎಂದಳು ದೊಡ್ಡತಾಯಮ್ಮ. ಆ ಬಾಯಲ್ಲಿ ಅಷ್ಟು ಮೆತ್ತಗಿನ ಮಾತು ಸೊಸೆ ಕೇಳಿರಲಿಲ್ಲ. "ದೊಡ್ಡೋರ್ನ ಕರುದ್ರೆ ಬತ್ತಾರೆ, ನೋಡ್ಕೊತಾರೆ, ಓಯ್ತಾರೆ. ಮಕ್ಳಿಗೆ ಬರೋದು ಗೊತ್ತಾಯ್ತದೆ, ಓಗೋದು ಗೊತ್ತಾಗಕಿಲ್ಲ."

"ಬಂದ್ರೆ ನನ್ನ ಮಗ್ಳು ತಾನೆ ಬರೋದು" ಎಂದಳು ಮಹದೇವಮ್ಮ.

ಹಿಟ್ಟು ಹರಡಿದರು. ಬೆಳಿಗ್ಗೆ ಕರಿಸಿದ್ದಯ್ಯ ಬಾಗಿಲು ತೆಗೆದು, ಒಳಗೆ ಕಾಲಿಡದೆ ಹಿಂದಕ್ಕೆ ಸರಿದ. ಹಿತ್ತಲ ಬಾಗಿಲಿಂದ ಪುಟ್ಟ ಹೆಜ್ಜೆಗಳು ಒಳಗೆ ಬಂದಿದ್ದವು. ಗುಳಿಯಿಲ್ಲದ, ತುಂಬಿದ ಹೆಜ್ಜೆಗಳು. ಒಲೆಯ ಪಕ್ಕದಿಂದ ಹಾದು, ರಾಗಿಯ ವಾಡೆಯ ತನಕ ಬಂದು, ಮಹದೇವಮ್ಮ ಚಾಪೆ ಹಾಕುವ ಜಾಗದ ಅಂಚಿನಲ್ಲಿ ಜೋಡಿಯಾಗಿ ನಿಂತಿದ್ದವು. ಅಲ್ಲಿಂದ ವಾಪಸು ಹೋದ ಗುರುತು ಎಲ್ಲೂ ಇರಲಿಲ್ಲ.

ದೊಡ್ಡತಾಯಮ್ಮ ಎಲ್ಲರ ಕಾಲೂ ನೋಡಿದಳು, ಅಕ್ಕಪಕ್ಕದ ಮಕ್ಕಳ ಕಾಲೂ ನೋಡಿಸಿದಳು. ಹಿಟ್ಟು ಯಾರ ಕಾಲಿಗೂ ಅಂಟಿರಲಿಲ್ಲ. ಮಹದೇವಮ್ಮನಿಗೆ ಮಾತ್ರ ಭಯವಾಗಲಿಲ್ಲ. ಸಂತೋಷವಾಯಿತು, ಅದನ್ನು ಮುಚ್ಚಿಡುವುದು ಯಾಕೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಆ ಜೋಡಿ ಹೆಜ್ಜೆಯ ಎದುರು ಕೂತು, "ಬಾ ಮಗ, ನನ್ನ ಒಟ್ಟೆಗೇ ಬಾ" ಎಂದಳು.

ಎರಡನೆಯದೂ ಹೆಣ್ಣೇ ಆಯಿತು. ಊರ ದೇವರ ಹೆಸರು ಹಿಡಿದು ಪಟ್ಟಲಮ್ಮ ಎಂದು ಕರೆದರು. ಹೋದ ಮಗುವಿನ ಹಿಂದೆ ಹುಟ್ಟಿದ್ದೆಂದು ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡರು, ಮೂಗಿನ ಹೊಳ್ಳೆ ಚುಚ್ಚಿಸಿದರು. ಸಾವು ಮತ್ತೆ ಬಂದರೆ ಇದು ಯಾರದೋ ಗುರುತಿಲ್ಲದ ಕಸ ಎಂದುಕೊಂಡು ದಾಟಿ ಹೋಗಲಿ ಎಂದು ಮಾಡುವ ಉಪಾಯ ಅದು. ಪಟ್ಟಲಿ ನಡೆಯಲು ಕಲಿತ ದಿನ ಮಹದೇವಮ್ಮ ತಾನೇ ನೆಲ ಸಾರಿಸಿ ಕಾದು ಕೂತಳು. ಮಗು ಹಸಿ ನೆಲದ ಮೇಲೆ ಕಾಲೂರಿತು. ಅದೇ ತುಂಬಿದ ಅಂಗಾಲು, ಅದೇ ಅಚ್ಚು. ತಾಯಿ ಮಗುವನ್ನು ಎತ್ತಿಕೊಂಡು, ಹೋದವಳ ಹೆಸರು ಹಿಡಿದು ಮುದ್ದಾಡಿದಳು.

ಆ ಸಂತೋಷ ಮುತ್ತತ್ತಿಯ ಮರಳಿನ ಮೇಲೆ ಮುಗಿಯಿತು. ಹನುಮಂತರಾಯನಿಗೆ ಹರಕೆ ತೀರಿಸಲು ಹೋಗಿದ್ದರು. ಹೊಳೆಯಲ್ಲಿ ಮಿಂದು ಪಟ್ಟಲಿ ಒದ್ದೆ ಮರಳಿನ ಮೇಲೆ ಓಡಾಡಿ, ಬಂಡೆಯ ಹಿಂದೆ ಅಜ್ಜಿಯ ಹತ್ತಿರ ಹೋಗಿದ್ದಳು. ಅಲ್ಲಿ ಕಣಿ ಹೇಳುವ ಮಂಚಮ್ಮ ಎಂಬ ಮುದುಕಿ ಬುಟ್ಟಿ ಹೊತ್ತುಕೊಂಡು ಹೋಗುತ್ತಿದ್ದವಳು ಮರಳು ನೋಡಿ ನಿಂತಳು. ಮಗುವನ್ನು ಅವಳು ನೋಡಿರಲಿಲ್ಲ. ಹೆಜ್ಜೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಮುಟ್ಟದೆ, ತುಂಬಾ ಹೊತ್ತು ನೋಡಿದಳು.

"ಇದು ಒಂದ್ಸಲ ಓದ ಕಾಲು ಕಣವ್ವ" ಎಂದಳು. "ನೀನೇ ಕರ್ದಿದ್ದೀಯೆ."

ಮಹದೇವಮ್ಮ ಮಡಿಲಿನ ಅಕ್ಕಿ ತೆಗೆದು ಅವಳ ಬುಟ್ಟಿಯ ಮುಂದೆ ಇಟ್ಟಳು.

"ಕರುದ್ರೆ ಬತ್ತವೆ. ಆದ್ರೆ ಓದ ವಯಸ್ಸು ಬಂದಾಗ ಓದ ದಾರೀಲೇ ಓಯ್ತವೆ. ಕಾಲು ದಾರಿ ಮರೆಯಾಕಿಲ್ಲ."

"ಏನ್ ಮಾಡ್ಬೇಕು?"

"ಗುರ್ತು ಕೆಡ್ಸು" ಎಂದು ಮಂಚಮ್ಮ ಬುಟ್ಟಿ ಎತ್ತಿಕೊಂಡಳು. ಕೊಟ್ಟ ಅಕ್ಕಿ ತೆಗೆದುಕೊಳ್ಳಲಿಲ್ಲ. ಕಣಿ ಹೇಳುವವಳು ಕೊಟ್ಟದ್ದನ್ನು ಬಿಟ್ಟು ಹೋದರೆ ಕೇಳಿದವರ ಗತಿ ಏನು. ಮಹದೇವಮ್ಮನಿಗೆ ದಾರಿಯುದ್ದಕ್ಕೂ ಆ ಬಿಟ್ಟು ಹೋದ ಅಕ್ಕಿಯದೇ ಚಿಂತೆಯಾಯಿತು.

ಅಂದಿನಿಂದ ಆ ಮನೆಯಲ್ಲಿ ಬೆಳಗಾಗುವುದು ಒಂದು ಕೆಲಸದಿಂದ. ಮಹದೇವಮ್ಮ ಪಟ್ಟಲಿಯ ಬಾಯಿಗೆ ಬೆರಳು ಹಾಕಿ ಮುಂದಿನ ಹಲ್ಲು ಅಲ್ಲಾಡುತ್ತದೆಯೇ ಎಂದು ನೋಡುತ್ತಿದ್ದಳು. ಎಲ್ಲ ತಾಯಂದಿರೂ ಮಗು ಬೆಳೆಯಲಿ ಎಂದು ಕೇಳಿಕೊಂಡರೆ, ಇವಳು ಬೆಳೆಯದಿರಲಿ ಎಂದು ಕೇಳಿಕೊಳ್ಳುತ್ತಿದ್ದಳು. ಮೂಗಿನ ಗುರುತು ಕೆಡಿಸಬಹುದು, ಹೆಸರಿನ ಗುರುತು ಕೆಡಿಸಬಹುದು. ಅಂಗಾಲಿನ ಗುರುತು ಕೆಡಿಸುವುದು ಹೇಗೆ ಎಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಅವಳು ಗಮನಿಸಿದ್ದಳು, ಯಾರಿಗೂ ಹೇಳಿರಲಿಲ್ಲ. ಪಟ್ಟಲಿ ಮಾಡಿನಿಂದ ತೂಗುವ ನೆಲುವಿನ ಮೇಲಿನ ಬೆಣ್ಣೆಗೆ ತುದಿಗಾಲಲ್ಲಿ ನಿಂತರೆ ಅಂಗಾಲಿನಲ್ಲಿ ಗುಳಿ ಮೂಡುತ್ತಿತ್ತು, ಎಲ್ಲ ಮಕ್ಕಳ ಹಾಗೆ. ಹಿಮ್ಮಡಿ ಊರಿದ ಕೂಡಲೇ ಅದು ಮಾಯ. ಒಳಗಿನಿಂದ ಯಾರೋ ಬಂದು ತುಂಬಿಕೊಂಡ ಹಾಗೆ ಅಂಗಾಲು ನೆಲಕ್ಕೆ ಕಚ್ಚಿಕೊಳ್ಳುತ್ತಿತ್ತು. ತುದಿಗಾಲಲ್ಲಿ ನಿಂತಿರುವ ತನಕ ಅದು ಪಟ್ಟಲಿ, ಕಾಲು ಊರಿದರೆ ಚಿಕ್ಕಬೋರಿ ಎಂದು ಮಹದೇವಮ್ಮನಿಗೆ ಅನ್ನಿಸತೊಡಗಿತು. ಮಗು ಎದುರಿಗೆ ನಿಂತರೆ "ಬೆರಳ ಮೇಲೆ ನಡಿ, ಬೆರಳ ಮೇಲೆ ನಡಿ" ಎಂದು ಗದರುತ್ತಿದ್ದಳು. ಮಗು ಅದೊಂದು ಆಟವೆಂದುಕೊಂಡು ನಡೆದು ತೋರಿಸುತ್ತಿತ್ತು.

ದಾರಿ ತೋರಿಸಿದವನು ತಮ್ಮ ಪುಟ್ಟರಾಜು. ಯುದ್ಧದ ನಡುವೆ ಅವನು ಸೈನ್ಯಕ್ಕೆ ಸೇರಲು ಹೋಗಿ ವಾಪಸು ಬಂದಿದ್ದ. ಎದೆ ಅಳೆದು, ಕಣ್ಣು ನೋಡಿ, ಕೊನೆಗೆ ಒದ್ದೆ ಕಾಲಲ್ಲಿ ಹಲಗೆಯ ಮೇಲೆ ನಿಲ್ಲಿಸಿ, ಚಪ್ಪಟೆಗಾಲು ಎಂದು ಕಳಿಸಿಬಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಅಂದು ಕಾಲು ನೋಡಿದ ಡಾಕ್ಟರು ಮಂಡ್ಯದಲ್ಲಿ, ಗುತ್ತಲಿನ ಹಾದಿಯಲ್ಲಿ, ಸ್ವಂತ ಆಸ್ಪತ್ರೆ ತೆರೆದಿದ್ದರು. ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದ ಪುಟ್ಟರಾಜು ಅವರನ್ನು ಮತ್ತೆ ಕಂಡು ಮಾತಾಡಿಸಿದ್ದ.

"ಚಿಕ್ಕ ಮಕ್ಳಾದ್ರೆ ಕುಯ್ದು ಸರಿ ಮಾಡ್ಬೌದಂತೆ ಕಣಕ್ಕ" ಎಂದ ಅವನು ಊಟಕ್ಕೆ ಕೂತಾಗ, ನಗುತ್ತಾ. "ಅಂಗಾಲಲ್ಲಿ ಗುಳಿ ತೆಗೀತಾರಂತೆ. ನಂಗೆ ವಯಸ್ಸಾಯ್ತಂತೆ."

ಮಹದೇವಮ್ಮ ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. ಆ ವಾರವೇ ಪಟ್ಟಲಿಯ ಕೆಳಗಿನ ಹಲ್ಲೊಂದು ಅಲ್ಲಾಡಲು ಶುರುವಾಗಿತ್ತು.

ಮಂಡ್ಯಕ್ಕೆ ಹೋಗುವುದೆಂದರೆ ಆಗ ಸುಲಭವಲ್ಲ. ಇದ್ದಿಲು ಹೊತ್ತಿಸಿ ಓಡಿಸುವ ಬಸ್ಸು, ಮಳವಳ್ಳಿ ದಾಟಿ ಮದ್ದೂರು ಮುಟ್ಟುವ ಹೊತ್ತಿಗೆ ಹತ್ತಿದವರ ಮುಖವೆಲ್ಲ ಮಸಿ. ಡಾಕ್ಟರು ಸಣ್ಣ ದನಿಯ, ತಾಳ್ಮೆಯ ಮನುಷ್ಯ. ಪಟ್ಟಲಿಯನ್ನು ನಿಲ್ಲಿಸಿ ನೋಡಿದರು, ನಡೆಸಿ ನೋಡಿದರು, ತುದಿಗಾಲಲ್ಲಿ ನಿಲ್ಲು ಎಂದರು. ಗುಳಿ ಮೂಡಿತು. ಅವರು ತೃಪ್ತಿಯಿಂದ ತಲೆಯಾಡಿಸಿದರು.

"ನೋಡಮ್ಮ, ಇದು ಮೆತ್ತಗಿರೋ ಕಾಲು. ಬಿಗಿದುಕೊಂಡಿಲ್ಲ. ಮೂಳೆ ಕೆಟ್ಟಿಲ್ಲ. ಎಷ್ಟೋ ಮಕ್ಕಳಿಗೆ ಬೆಳೀತಾ ಬೆಳೀತಾ ತಾನೇ ಸರಿಹೋಗುತ್ತೆ. ಹೋಗದೆ ಇದ್ದರೂ ತೊಂದರೆ ಇಲ್ಲ. ನಿಮ್ಮ ತಮ್ಮನಿಗೂ ಹೀಗೇ ಇದೆಯಲ್ಲ, ವಂಶದಲ್ಲಿ ಬರುತ್ತೆ ಅಷ್ಟೇ. ನೋವಿದ್ದು, ಬೇರೆ ಯಾವುದರಿಂದಲೂ ಹೋಗದೆ ಇದ್ದರೆ ಮಾತ್ರ ಕತ್ತಿ ಹಿಡೀತೀನಿ." ಆಮೇಲೆ ಮಗುವಿನ ಕಡೆ ಬಗ್ಗಿ ಕೇಳಿದರು, "ಕಾಲು ನೋಯುತ್ತೇನಮ್ಮ?"

"ಇಲ್ಲ" ಎಂದಳು ಪಟ್ಟಲಿ.

ಡಾಕ್ಟರು ನಕ್ಕು, ಅವಳ ಕೆನ್ನೆ ತಟ್ಟಿ ಕಳಿಸಿದರು. ಮಹದೇವಮ್ಮ ಮಗಳನ್ನು ಎತ್ತಿಕೊಂಡು ಬಸ್ಸು ಹತ್ತಿದಳು. ವಂಶದಲ್ಲಿ ಬರುತ್ತದೆ ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಒಳಗೆ ಇಳಿದದ್ದು ಇನ್ನೊಂದು ಮಾತು, ನೋವಿದ್ದರೆ ಮಾತ್ರ ಎನ್ನುವುದು.

ಮನೆಗೆ ಬಂದು ಅವಳು ಮಗಳಿಗೆ ನೋವು ಕಲಿಸಿದಳು. ಅಕ್ಷರ ತಿದ್ದಿಸುವವರ ಹಾಗೆ, ಕೂರಿಸಿಕೊಂಡು ಕಲಿಸಿದಳು. ಇಲ್ಲಿ ಒತ್ತಿದರೆ ಅಮ್ಮಾ ಎನ್ನಬೇಕು. ಸ್ವಲ್ಪ ನಡೆದ ಮೇಲೆ ಕೂತುಬಿಡಬೇಕು. ಮೀನಖಂಡ ಹಿಡಿದುಕೊಳ್ಳಬೇಕು. ಪಟ್ಟಲಿಗೆ ಇದು ತುದಿಗಾಲ ಆಟಕ್ಕಿಂತ ಒಳ್ಳೆಯ ಆಟವೆನ್ನಿಸಿತು. ಬೇಗ ಕಲಿತಳು. ಕರಿಸಿದ್ದಯ್ಯ ಗದ್ದೆಯಿಂದ ಬಂದವನು ಮಗಳು ಕುಂಟುವುದನ್ನು ಕಂಡು ಗಾಬರಿಯಾದ. ಹೆಂಡತಿ ಅವನಿಗೂ ನಿಜ ಹೇಳಲಿಲ್ಲ. ದೊಡ್ಡತಾಯಮ್ಮನಿಗೆ ಹೇಳುವ ಅಗತ್ಯವಿರಲಿಲ್ಲ. ಆ ಕಣ್ಣುಗಳಿಂದ ಯಾವುದನ್ನೂ ಮುಚ್ಚಿಡಲು ಆಗುತ್ತಿರಲಿಲ್ಲ.

"ಇಲ್ದೇ ಇರೋದ್ನ ಕರೀಬ್ಯಾಡ ಕಣೆ" ಎಂದಳು ಮುದುಕಿ. "ಒಂದ್ಸಲ ಕರ್ದು ನೋಡಿದ್ದೀಯೆ."

"ನೀವು ಸುಮ್ನಿರಿ ಅತ್ತೆಮ್ಮ. ನಂಗೆ ಇರೋದು ಇದೊಂದೇ."

ಡಾಕ್ಟರನ್ನು ದೂರುವಂತಿಲ್ಲ. ಅವರು ಮೊದಲು ಚರ್ಮದ ಮೆಟ್ಟಿನೊಳಗೆ ಮೆತ್ತೆ ಇಟ್ಟು ಕೊಟ್ಟರು, ಕಾಲು ನೀವುವುದನ್ನು ಹೇಳಿಕೊಟ್ಟರು, ತಿಂಗಳುಗಟ್ಟಲೆ ನೋಡೋಣ ಎಂದರು. ಪ್ರತಿ ಸಲವೂ ತಾಯಿ ಹೋಗಿ, ಕಡಿಮೆಯಾಗಿಲ್ಲ ಎಂದಳು. ಪ್ರತಿ ಸಲವೂ ಮಗು ಒತ್ತಿದ ಜಾಗದಲ್ಲಿ ಅಮ್ಮಾ ಎಂದಿತು. ಅಷ್ಟು ಚಿಕ್ಕ ಮಗು ಸುಳ್ಳು ಹೇಳುತ್ತದೆ ಎಂದು ಯಾವ ಡಾಕ್ಟರು ಎಣಿಸಿಯಾರು. ಪಟ್ಟಲಿಯ ಮುಂದಿನ ಎರಡು ಹಲ್ಲು ಬಿದ್ದ ಮೇಲೆ ಮಹದೇವಮ್ಮ ಆಸ್ಪತ್ರೆಯ ನೆಲದ ಮೇಲೆ ಕೂತು, ಮಾಡದೆ ಇದ್ದರೆ ಇಲ್ಲಿಂದ ಏಳುವುದಿಲ್ಲ ಎಂದುಬಿಟ್ಟಳು. ಡಾಕ್ಟರು ಕೊನೆಗೆ ಒಪ್ಪಿದರು. ಹಿಮ್ಮಡಿಯ ಹಿಂದಿನ ಗಟ್ಟಿ ನರ ಕುಯ್ದು ಉದ್ದ ಮಾಡುತ್ತೇನೆ, ಮೊಣಕಾಲ ಕೆಳಗಿನ ಮೂಳೆಯಿಂದ ಒಂದು ಚೂರು ತೆಗೆದು ಪಾದದ ನಡುವೆ ಕೂರಿಸಿ ಕಮಾನು ನಿಲ್ಲಿಸುತ್ತೇನೆ ಎಂದು ವಿವರಿಸಿದರು. ಮಹದೇವಮ್ಮನಿಗೆ ಬೇಕಾದದ್ದು ಒಂದೇ ಪ್ರಶ್ನೆಯ ಉತ್ತರ.

"ಆಮೇಲೆ ಎಜ್ಜೆ ಬೇರೆ ಥರ ಬೀಳ್ತದಾ ಸ್ವಾಮಿ?"

"ಬೇರೆ ಥರವೇ ಬೀಳುತ್ತೆ" ಎಂದರು ಡಾಕ್ಟರು.

ಮದ್ದು ಮೂಸಿಸಿ ಒಳಗೆ ಕರೆದುಕೊಂಡು ಹೋದರು. ಹೊರಗೆ ತಂದಾಗ ಪಟ್ಟಲಿಯ ಎರಡೂ ಕಾಲು ಮೊಣಕಾಲ ತನಕ ಬಿಳಿ ಗಾರೆಯ ಕಟ್ಟಿನಲ್ಲಿದ್ದವು, ಬೆರಳು ಮಾತ್ರ ಹೊರಗೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮಂಚದ ಮೇಲೆ ಬಿದ್ದಿತ್ತು. ಕರಿಸಿದ್ದಯ್ಯ ಆಸ್ಪತ್ರೆಯ ಬಾಗಿಲಲ್ಲಿ ಬೀಡಿ ಹಚ್ಚಿ, ಸೇದದೆ ಹಿಡಿದುಕೊಂಡಿದ್ದ. ಮಹದೇವಮ್ಮ ಮಗಳ ತಲೆ ಸವರುತ್ತಾ ಕೂತಿದ್ದಳು. ಮಗುವಿನ ಕಣ್ಣು ಇನ್ನೂ ತೆರೆದಿರಲಿಲ್ಲ, ತುಟಿ ಅಲ್ಲಾಡಿತು.

"ಅವ್ವಾ, ಕಾಲ್ಗೆ ಚಳಿ ಆಯ್ತದೆ, ಸೆರಗು ಹೊದಿಸು."

ಮಹದೇವಮ್ಮನ ಕೈ ಅಲ್ಲೇ ನಿಂತಿತು. ಪಟ್ಟಲಿ ಹುಟ್ಟಿದಂದಿನಿಂದ ಹೊದಿಕೆ ಒದೆಯುವ ಮಗು. ಅಜ್ಜಿಯ ಪಕ್ಕ ಮಲಗಿ, ಚಳಿಗಾಲದಲ್ಲೂ ಕಂಬಳಿ ತಳ್ಳಿ ಬೈಸಿಕೊಳ್ಳುವವಳು. ಆ ಮಾತನ್ನು ಅವಳ ಮುಂದೆ ಯಾರೂ ಆಡಿರಲಿಲ್ಲ. ಆಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮಹದೇವಮ್ಮ ಕಟ್ಟಿನ ಹೊರಗಿದ್ದ ಬೆರಳು ಮುಟ್ಟಿ ನೋಡಿದಳು. ತಣ್ಣಗಿದ್ದವು.

ಸೆರಗು ಅವಳ ಕೈಯಲ್ಲೇ ಇತ್ತು. ಹೊದಿಸಲಿಲ್ಲ. ಹೊದಿಸಿದರೆ ಬಾ ಎಂದ ಹಾಗೆ, ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋದ ಹಾಗೆ ಎಂದು ಅವಳಿಗೆ ಹೆದರಿಕೆಯಾಯಿತು. ಹಲ್ಲು ಕಚ್ಚಿ ಎದ್ದು, ದಾದಿಯನ್ನು ಕರೆದು ಆಸ್ಪತ್ರೆಯ ಕಂಬಳಿ ಹೊದಿಸಲು ಹೇಳಿದಳು. ಮಗು ಇನ್ನೊಮ್ಮೆ ಅದೇ ಮಾತು ಆಡಿತು. ಆಮೇಲೆ ಆಡಲಿಲ್ಲ. ಎಚ್ಚರವಾದ ಮೇಲೆ ಕೇಳಿದರೆ ಪಟ್ಟಲಿಗೆ ಏನೂ ನೆನಪಿರಲಿಲ್ಲ. ಕಾಲು ನೋಯುತ್ತದೆ ಎಂದು ಅತ್ತಳು, ಈ ಸಲ ಯಾರೂ ಕಲಿಸಿರಲಿಲ್ಲ.

ಕಟ್ಟು ಬಿಚ್ಚಿದಾಗ ಗುಳಿ ಇತ್ತು. ಊರಿಗೆ ಬಂದು ಮೊದಲು ಮಾಡಿದ ಕೆಲಸ ಮಗಳ ಕಾಲು ಒದ್ದೆ ಮಾಡಿ ಜಗಲಿಯ ಕಲ್ಲಿನ ಮೇಲೆ ನಿಲ್ಲಿಸಿದ್ದು. ಒಳಗಡೆ ಬಾಗಿದ, ಎಲ್ಲರ ಹಾಗಿನ ಹೆಜ್ಜೆ. ಮಹದೇವಮ್ಮ ಅದು ಆರುವ ತನಕ ನೋಡಿದಳು. ಪಟ್ಟಲಿಯ ಹೊಸ ಹಲ್ಲು ಮೂಡಿದವು, ಅಕ್ಕ ಹೋದ ವಯಸ್ಸನ್ನು ಅವಳು ದಾಟಿದಳು. ತಾಯಿ ಗೆದ್ದಳು. ಆದರೆ ಮಗಳು ಓಡುವುದನ್ನು ಬಿಟ್ಟಿದ್ದಳು. ಬಾವಿಯ ತನಕ ಹೋಗಿ ಬಂದರೆ ಕೂತು ಮೀನಖಂಡ ಹಿಡಿದುಕೊಳ್ಳುತ್ತಿದ್ದಳು. ಹಿಂದೆ ಕಲಿಸಿಕೊಟ್ಟ ಅದೇ ಜಾಗ, ಅದೇ ಕೂರುವ ರೀತಿ. ನಡಿಗೆಯಲ್ಲಿ ಒಂದು ಎಳೆತ ಉಳಿದುಹೋಯಿತು. ಡಾಕ್ಟರು ಇನ್ನೆರಡು ಸಲ ನೋಡಿ, ಕೆಲವರಿಗೆ ಹೀಗಾಗುತ್ತದೆ ಎಂದರು. ಅವರಿಗೂ ಬೇಸರವಾಗಿತ್ತು.

ಮುಂದಿನ ವರ್ಷ ದೊಡ್ಡತಾಯಮ್ಮ ಹಾಸಿಗೆ ಹಿಡಿದಳು. ಮಳವಳ್ಳಿಯಲ್ಲಿ ಹುಡುಗರು ಬಾವುಟ ಹಿಡಿದು ಮೆರವಣಿಗೆ ಹೋಗುತ್ತಿದ್ದಾರೆ, ದೇಶಕ್ಕೆ ಸ್ವಾತಂತ್ರ್ಯ ಬಂತಂತೆ ಎಂದು ಕರಿಸಿದ್ದಯ್ಯ ಬಂದು ಹೇಳಿದರೆ, ಒಳ್ಳೇದಾಯ್ತು ಬುಡು ಎಂದು ಗೋಡೆಗೆ ತಿರುಗಿಕೊಂಡಳು. ಒಂದು ಬೆಳಿಗ್ಗೆ ಸೊಸೆ ಗಂಜಿ ಕುಡಿಸುತ್ತಿದ್ದಾಗ ಬಟ್ಟಲು ಸರಿಸಿ, ಅಷ್ಟು ದಿನ ಹೇಳದ ಮಾತು ಹೇಳಿದಳು.

"ನೀವೆಲ್ಲ ಮಂಡ್ಯದಲ್ಲಿದ್ರಲ್ಲ. ಮಗೀನ ಕಾಲು ಕಟ್ಟಾಕಿತ್ತು. ನಾನಿಲ್ಲಿ ಒಬ್ಳೇ ನೆಲ ಸಾರ್ಸಿ ತಿರ್ಗಿ ನೋಡ್ತೀನಿ, ಅಸಿ ನೆಲದ ಮ್ಯಾಲೆ ಎಜ್ಜೆ ಇದ್ವು. ತುಂಬ್ದ ಕಾಲು."

"ಎಲ್ಲಿದ್ವು ಅತ್ತೆಮ್ಮ?"

"ವಾಡೆ ತಾವ. ನಿನ್ನ ಚಾಪೆ ತಾವ. ಮತ್ತೆ ಸಾರ್ಸ್ಬುಟ್ಟೆ." ಮುದುಕಿ ಉಸಿರು ಎಳೆದುಕೊಂಡಳು. "ನೀ ಎದ್ರಬ್ಯಾಡ. ನಾ ಓಗ್ವಾಗ ಅವಳ್ನೂ ಕೈ ಇಡ್ದು ಕರ್ಕೊಂಡೋಯ್ತೀನಿ. ಅದ್ಕೆ ದಾರಿ ಗೊತ್ತಿಲ್ಲ."

ಮಹದೇವಮ್ಮ ತಿರುಗಿ ವಾಡೆಯ ಕಡೆ ನೋಡಿದಳು. ಪಟ್ಟಲಿ ಮಂಡ್ಯದ ಮಂಚದ ಮೇಲಿದ್ದರೆ ಇಲ್ಲಿ ನಡೆದವಳು ಯಾರು ಎಂದು ಕೇಳಬೇಕೆನ್ನಿಸಿತು. ಕೇಳುವಷ್ಟರಲ್ಲಿ ಮುದುಕಿಗೆ ಜೊಂಪು ಹತ್ತಿತ್ತು. ದೊಡ್ಡತಾಯಮ್ಮ ಆ ವಾರವೇ ತೀರಿಕೊಂಡಳು.

ತಿಥಿಯ ಹಿಂದಿನ ಸಂಜೆ ಹಿಟ್ಟು ಹರಡಿದರು. ಈ ಸಲ ಪದ್ಧತಿಯ ಪ್ರಕಾರವೇ. ಮನೆಯವರೆಲ್ಲ ಜಗಲಿಯಲ್ಲಿ ಮಲಗಿದರು. ಬೆಳಗಾದ ಮೇಲೆ ಕರಿಸಿದ್ದಯ್ಯ ಬಾಗಿಲು ತೆಗೆದು ಹೆಂಡತಿಯ ಮುಖ ನೋಡಿದ. ಮಹದೇವಮ್ಮ ಮೊದಲು ಜಗಲಿಯಲ್ಲಿ ಇನ್ನೂ ನಿದ್ದೆಯಲ್ಲಿದ್ದ ಪಟ್ಟಲಿಯ ಅಂಗಾಲು ಮುಟ್ಟಿ ನೋಡಿದಳು. ಹೊಲಿಗೆಯ ಗಾಯದ ಗೆರೆ, ಗುಳಿ, ಹಿಟ್ಟಿನ ಸೋಂಕಿಲ್ಲ. ಆಮೇಲೆ ಒಳಗೆ ಹೋದಳು.

ಬೀದಿ ಬಾಗಿಲಿಂದ ಒಂದು ದೊಡ್ಡ ಹೆಜ್ಜೆ ಒಳಗೆ ಬಂದಿತ್ತು. ಕಿರುಬೆರಳು ಸೊಟ್ಟಗಾಗಿದ್ದ ದೊಡ್ಡತಾಯಮ್ಮನ ಕಾಲನ್ನು ಗುರುತು ಹಿಡಿಯಲು ಕಷ್ಟವಿರಲಿಲ್ಲ. ಒಲೆಯ ಮುಂದೆ ಒಂದು ಗಳಿಗೆ ನಿಂತು, ಅದು ವಾಡೆಯ ಹತ್ತಿರ ಹೋಗಿತ್ತು. ಅಲ್ಲಿ ಪುಟ್ಟ ಹೆಜ್ಜೆಗಳಿದ್ದವು. ತುಂಬಿದ ಹೆಜ್ಜೆ, ಮಹದೇವಮ್ಮನ ಚಾಪೆಯ ಅಂಚಿನಲ್ಲಿ, ಚಾಪೆಯ ಕಡೆ ಮುಖ ಮಾಡಿ ಜೋಡಿಯಾಗಿ ನಿಂತವು. ಅವು ಯಾವ ಬಾಗಿಲಿಂದಲೂ ಬಂದಿರಲಿಲ್ಲ. ನಿಂತಲ್ಲಿಂದಲೇ ಹೊರಟಿದ್ದವು, ದೊಡ್ಡ ಹೆಜ್ಜೆಯ ಪಕ್ಕಕ್ಕೆ ಚಿಕ್ಕ ಹೆಜ್ಜೆ, ಹಿತ್ತಲ ಬಾಗಿಲ ತನಕ.

ಅಂದು ಬಂದ ಗುರುತಿತ್ತು, ಹೋದದ್ದಿರಲಿಲ್ಲ. ಇಂದು ಹೋದ ಗುರುತಿತ್ತು, ಬಂದದ್ದಿರಲಿಲ್ಲ. ಪಟ್ಟಲಿ ಅಜ್ಜಿಯ ಪಕ್ಕ ಮಲಗುತ್ತಿದ್ದ ಮೂಲೆಯಲ್ಲಿ ಹಿಟ್ಟು ಹರಡಿದ ಹಾಗೇ ಇತ್ತು, ಒಂದು ಬೆರಳಿನ ಗುರುತೂ ಬಿದ್ದಿರಲಿಲ್ಲ. ಮಹದೇವಮ್ಮನಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಚಿಕ್ಕಬೋರಿ ತಂಗಿಯ ಮೈಗೆ ಬಂದಿರಲೇ ಇಲ್ಲ. ಪಟ್ಟಲಿ ಹುಟ್ಟಿನಿಂದ ಪಟ್ಟಲಿಯೇ, ಕಾಲು ಮಾತ್ರ ಸೋದರಮಾವನದು. ಹೋದ ಮಗಳು ಇಷ್ಟು ವರ್ಷವೂ ಇಲ್ಲೇ, ತಾಯಿಯ ಚಾಪೆಯ ಅಂಚಿನಲ್ಲೇ, ಸೆರಗಿಗಾಗಿ ಕಾದು ನಿಂತಿದ್ದಳು. ಒಮ್ಮೆ ತಡೆ ಎಂದಿದ್ದಾಯಿತು. ಇನ್ನೊಮ್ಮೆ ಇಲ್ಲಿ ನಿಂತೇ ಮಂಡ್ಯದಲ್ಲಿದ್ದ ತಂಗಿಯ ಬಾಯಿಂದ ಕೇಳಿದಾಗ ಬೇರೆಯವರ ಕಂಬಳಿ ಹೊದಿಸಿದ್ದಾಯಿತು.

ಅವಳು ಚಾಪೆಯ ಜಾಗದಲ್ಲಿ ಕುಸಿದು ಕೂತಳು. ಸೆರಗು ಬಿಚ್ಚಿ, ನಿಂತ ಜೋಡಿ ಹೆಜ್ಜೆಯ ಮೇಲೆ ಅಳಿಸದ ಹಾಗೆ ಮೆಲ್ಲಗೆ ಹರಡಿದಳು. ಇಬ್ಬರು ಮಕ್ಕಳಿಗೂ ತಾನು ಮಾಡಿದ್ದನ್ನು ನೆನೆದು, ತಡೆಯಲಾಗದೆ ಅತ್ತಳು. ಬಾಗಿಲಲ್ಲಿ ನಿಂತಿದ್ದ ಕರಿಸಿದ್ದಯ್ಯ ಮುಖ ತಿರುಗಿಸಿದ.

ಅಳು ಕೇಳಿ ಎದ್ದ ಪಟ್ಟಲಿ ಅಪ್ಪನ ಪಕ್ಕದಿಂದ ನುಸುಳಿ, ಕಾಲೆಳೆಯುತ್ತಾ ಹಿಟ್ಟಿನ ಮೇಲೆ ನಡೆದು ಬಂದಳು.

"ಯಾರ್ಗವ್ವಾ ಹೊದಿಸ್ತಿದ್ದೀಯೆ?"

"ನಿಮ್ಮಕ್ಕಂಗೆ ಕಣವ್ವ. ಕಾಲ್ಗೆ ಚಳಿಯಂತೆ."

ಪಟ್ಟಲಿ ಅವ್ವನ ಎದುರು ನೋವಾಗದ ಹಾಗೆ ಕಾಲು ಮಡಚಿ ಕೂತು, ಸೆರಗಿನ ಒಂದು ತುದಿಯನ್ನು ಎಳೆದು ಸರಿಮಾಡಿದಳು. ಅವಳು ಬಂದ ದಾರಿಯ ಕೊನೆಯಲ್ಲಿ, ಅಕ್ಕ ಹೊರಟ ಹೆಜ್ಜೆಗಳ ಪಕ್ಕದಲ್ಲೇ, ಅವಳ ಹೆಜ್ಜೆ ಬಿದ್ದಿತ್ತು. ಒಂದೇ ಅಚ್ಚಿನಲ್ಲಿ ಹುಟ್ಟಿದ ಕಾಲುಗಳು. ಒಂದು ತುಂಬಿಕೊಂಡಿತ್ತು. ಇನ್ನೊಂದರ ನಡುವೆ ಮಹದೇವಮ್ಮ ತೆಗೆಸಿದ ಗುಳಿಯಿತ್ತು.